ಆಟದೊಳಗೆ ಸಿಲುಕಿದ ನಾಲ್ವರು: ‘ಜುಮಾಂಜಿ’ಯನ್ನು ಮನೆಮಂದಿಯೊಡನೆ ನೋಡುವ ಬಗೆ

‘ಜುಮಾಂಜಿ: ವೆಲ್‌ಕಮ್ ಟು ದಿ ಜಂಗಲ್’ 2017ರ ಡಿಸೆಂಬರಿನಲ್ಲಿ ತೆರೆಕಂಡ ಅಮೆರಿಕದ ಸಾಹಸಹಾಸ್ಯ ಚಿತ್ರ. ನಿರ್ದೇಶಕ ಜೇಕ್ ಕಾಸ್ಡನ್. ಮುಖ್ಯ ಪಾತ್ರಗಳಲ್ಲಿ ಡ್ವೇನ್ ಜಾನ್ಸನ್, ಕೆವಿನ್ ಹಾರ್ಟ್, ಜ್ಯಾಕ್ ಬ್ಲ್ಯಾಕ್ ಮತ್ತು ಕರೆನ್ ಗಿಲನ್. ಅವಧಿ ಸುಮಾರು ಎರಡು ಗಂಟೆ. ಜಗತ್ತಿನಾದ್ಯಂತ 95 ಕೋಟಿ ಡಾಲರಿಗೂ ಮಿಕ್ಕ ಗಳಿಕೆ ಕಂಡ ಈ ಚಿತ್ರಕ್ಕೆ 2019ರಲ್ಲಿ ‘ದಿ ನೆಕ್ಸ್ಟ್ ಲೆವೆಲ್’ ಎಂಬ ಮುಂದಿನ ಭಾಗವೂ ಬಂದಿತು. ರಜೆಯ ದಿನಗಳಲ್ಲಿ ಟಿವಿಯಲ್ಲಿಯೋ ಮೊಬೈಲಿನಲ್ಲಿಯೋ ನಮ್ಮ ಮಕ್ಕಳು ನೋಡಿ ನಗುವ ಇಂತಹ ಚಿತ್ರವನ್ನು ಹಿರಿಯರೂ ಜೊತೆಗೆ ಕುಳಿತು ಸವಿಯಲೆಂದು, ಅದರ ಹಿನ್ನೆಲೆಯನ್ನೂ ನಡೆಯನ್ನೂ ಇಲ್ಲಿ ವಿವರಿಸಿದ್ದೇವೆ. ಚಿತ್ರದ ಕೊನೆಯನ್ನು ಮಾತ್ರ ಬಿಟ್ಟುಕೊಟ್ಟಿಲ್ಲ.

ಮೂಲ ಎಲ್ಲಿಯದು?

‘ಜುಮಾಂಜಿ’ ಮೊದಲು ಹುಟ್ಟಿದ್ದು ಮಕ್ಕಳ ಚಿತ್ರಪುಸ್ತಕವಾಗಿ. ಅಮೆರಿಕದ ಲೇಖಕ, ಚಿತ್ರಕಾರ ಕ್ರಿಸ್ ವ್ಯಾನ್ ಆಲ್ಸ್‌ಬರ್ಗ್ 1981ರಲ್ಲಿ ಅದನ್ನು ಪ್ರಕಟಿಸಿದರು. ಅದರ ಕಪ್ಪುಬಿಳುಪಿನ ಚಿತ್ರಗಳಿಗೆ ಮರುವರ್ಷ ಕ್ಯಾಲ್ಡೆಕಾಟ್ ಪದಕ ಸಂದಿತು. ಅಕ್ಕತಮ್ಮಂದಿರಿಬ್ಬರಿಗೆ ಉದ್ಯಾನದಲ್ಲಿ ಒಂದು ಆಟದ ಹಲಗೆ ಸಿಗುತ್ತದೆ. ದಾಳ ಉರುಳಿಸಿದಂತೆಲ್ಲ ಸಿಂಹ, ಮಂಗ, ಘೇಂಡಾಮೃಗಗಳು ನಿಜವಾಗಿಯೂ ಮನೆಯೊಳಗೆ ಬಂದು ನಿಲ್ಲುತ್ತವೆ. ಶುರುಮಾಡಿದ ಆಟವನ್ನು ಮುಗಿಸದೆ ಬಿಡುಗಡೆಯಿಲ್ಲ.

1995ರಲ್ಲಿ ಜೋ ಜಾನ್‌ಸ್ಟನ್ ಇದನ್ನು ಚಲನಚಿತ್ರವಾಗಿಸಿದರು. ಅದರಲ್ಲಿ ರಾಬಿನ್ ವಿಲಿಯಮ್ಸ್ ವಹಿಸಿದ ಅಲನ್ ಪ್ಯಾರಿಶ್ ಎಂಬ ಪಾತ್ರ ಬಾಲ್ಯದಲ್ಲಿಯೇ ಆಟದೊಳಗೆ ಸಿಲುಕಿ ಇಪ್ಪತ್ತಾರು ವರ್ಷ ಕಾಡಿನಲ್ಲಿ ಕಳೆದು ಬರುತ್ತದೆ. 2017ರ ಚಿತ್ರ ಈ ಏರ್ಪಾಡನ್ನು ತಿರುವುಮುರುವು ಮಾಡಿತು. ಮೊದಲಿನದರಲ್ಲಿ ಕಾಡು ಊರಿಗೆ ಬಂದರೆ, ಇದರಲ್ಲಿ ಊರಿನ ಮಕ್ಕಳೇ ಕಾಡಿನೊಳಗೆ ಹೋಗುತ್ತಾರೆ. ವಿಲಿಯಮ್ಸ್ 2014ರಲ್ಲಿ ತೀರಿಕೊಂಡಿದ್ದರು. ಕಾಡಿನ ನಡುವಿನ ಒಂದು ಆಶ್ರಯತಾಣವನ್ನು ಅಲನ್ ಪ್ಯಾರಿಶ್ ಕಟ್ಟಿದ್ದೆಂದು ಹೇಳಿಸಿ ಹೊಸ ಚಿತ್ರ ಅವರನ್ನು ನೆನೆಯುತ್ತದೆ.

ಕಥೆಯ ನಡೆ

1996ರಲ್ಲಿ ಕಡಲತೀರದಲ್ಲಿ ಸಿಕ್ಕ ಆಟದ ಹಲಗೆಯನ್ನು ತಂದೆಯೊಬ್ಬರು ಮಗ ಅಲೆಕ್ಸ್‌ನಿಗೆ ತಂದುಕೊಡುತ್ತಾರೆ. ಈ ಕಾಲದಲ್ಲಿ ಹಲಗೆಯ ಆಟ ಯಾರಿಗೆ ಬೇಕೆಂದು ಹುಡುಗ ಅದನ್ನು ಮೂಲೆಗೆ ಎಸೆಯುತ್ತಾನೆ. ರಾತ್ರಿ ಬೆಳಗಾಗುವುದರೊಳಗೆ ಹಲಗೆ ತಾನೇ ವಿಡಿಯೊ ಗೇಮಾಗಿ ಮಾರ್ಪಟ್ಟಿರುತ್ತದೆ. ಅದನ್ನು ಆಡಹೊರಟ ಅಲೆಕ್ಸ್ ಕಾಣೆಯಾಗುತ್ತಾನೆ.

ಇಪ್ಪತ್ತು ವರ್ಷಗಳ ಬಳಿಕ ಅದೇ ಊರಿನ ಶಾಲೆಯಲ್ಲಿ ನಾಲ್ವರು ವಿದ್ಯಾರ್ಥಿಗಳಿಗೆ ಶಿಕ್ಷೆಯಾಗುತ್ತದೆ. ಅಂಜುಬುರುಕ ಸ್ಪೆನ್ಸರ್ ತನ್ನ ಹಳೆಯ ಗೆಳೆಯ ಫ್ರಿಜ್‌ನ ಪ್ರಬಂಧವನ್ನು ತಾನು ಬರೆದುಕೊಟ್ಟು ಸಿಕ್ಕಿಬಿದ್ದಿದ್ದಾನೆ. ಎತ್ತರದ ಆಳಾದ ಫುಟ್‌ಬಾಲ್ ಆಟಗಾರ ಫ್ರಿಜ್‌ನೂ ಅವನೊಡನೆ ಸಿಕ್ಕಿಬಿದ್ದಿದ್ದಾನೆ. ಬೆಥನಿ ತರಗತಿಯಲ್ಲಿ ಫೋನು ಬಿಡದವಳು. ಸಂಕೋಚದ ಹುಡುಗಿ ಮಾರ್ಥಾ ವ್ಯಾಯಾಮ ಶಿಕ್ಷಕಿಗೆ ಎದುರಾಡಿದವಳು. ಹಳೆಯ ಪತ್ರಿಕೆಗಳ ಪಿನ್ನು ಕೀಳುವ ಕೆಲಸಕ್ಕೆ ಹಚ್ಚಿದ ಕೋಣೆಯಲ್ಲಿ ಇವರಿಗೆ ಆ ಗೇಮು ಸಿಗುತ್ತದೆ. ಒಬ್ಬೊಬ್ಬರು ಒಂದೊಂದು ಪಾತ್ರವನ್ನು ಆರಿಸಿಕೊಳ್ಳುತ್ತಲೇ ಆಟ ಅವರನ್ನು ಒಳಗೆಳೆದುಕೊಳ್ಳುತ್ತದೆ.

ಬಿದ್ದಲ್ಲಿಂದ ಎದ್ದು ನೋಡಿದರೆ ಮೈಯೇ ಬೇರೆ. ಅಂಜುಬುರುಕ ಸ್ಪೆನ್ಸರ್ ಪರ್ವತದಂತಹ ದೇಹದ ವೀರ ಬ್ರೇವ್‌ಸ್ಟೋನ್ ಆಗಿದ್ದಾನೆ. ಫ್ರಿಜ್ ಗಿಡ್ಡ ದೇಹದ ಪ್ರಾಣಿಶಾಸ್ತ್ರಜ್ಞನಾಗಿ ವೀರನ ಆಯುಧಗಳ ಚೀಲ ಹೊರುತ್ತಿದ್ದಾನೆ. ಮಾರ್ಥಾ ಕಾಳಗದಲ್ಲಿ ನಿಪುಣೆಯಾದ ರೂಬಿ. ತನ್ನ ಚೆಲುವನ್ನು ತಾನೇ ಫೋಟೊ ತೆಗೆದುಕೊಳ್ಳುತ್ತಿದ್ದ ಬೆಥನಿಗೆ ದಕ್ಕಿದ್ದು ನಡುವಯಸ್ಸಿನ, ಸ್ಥೂಲಕಾಯದ, ಗಡ್ಡದ ಪ್ರೊಫೆಸರನ ದೇಹ. ಕದ್ದುಹೋದ ‘ಜಾಗ್ವಾರನ ಕಣ್ಣು’ ಎಂಬ ರತ್ನವನ್ನು ಬೃಹತ್ ಶಿಲಾಮೂರ್ತಿಗೆ ಮರಳಿ ತೊಡಿಸಿ, ಆಟದ ಹೆಸರನ್ನು ಕೂಗಿ ಹೇಳಿದರೆ ಬಿಡುಗಡೆ.

ಆಟದ ನಿಯಮಗಳೇ ನಗೆಯ ಮೂಲ

ವಿಡಿಯೊ ಗೇಮು ಆಡದ ಹಿರಿಯರಿಗೆ ನಾಲ್ಕು ಸಂಗತಿಗಳು ತಿಳಿದಿದ್ದರೆ ನಗೆ ತಪ್ಪುವುದಿಲ್ಲ.

ಮೊದಲನೆಯದು ಜೀವಗಳ ಲೆಕ್ಕ. ಪ್ರತಿಯೊಬ್ಬರ ತೋಳಿನ ಮೇಲೆ ಮೂರು ಗೀಟುಗಳಿವೆ. ಒಮ್ಮೆ ಸತ್ತರೆ ಒಂದು ಗೀಟು ಅಳಿಯುತ್ತದೆ, ಸತ್ತವರು ಆಕಾಶದಿಂದ ಮತ್ತೆ ಕೆಳಗುರುಳುತ್ತಾರೆ. ಮೂರೂ ಅಳಿದರೆ ಮುಗಿಯಿತು.

ಎರಡನೆಯದು ಬಲಾಬಲ. ಒಂದೊಂದು ಪಾತ್ರಕ್ಕೂ ಮೊದಲೇ ಬರೆದಿಟ್ಟ ಬಲಗಳೂ ದೌರ್ಬಲ್ಯಗಳೂ ಇವೆ. ಬ್ರೇವ್‌ಸ್ಟೋನ್‌ಗೆ ದೌರ್ಬಲ್ಯವೇ ಇಲ್ಲ. ಫ್ರಿಜ್‌ನ ಪಾತ್ರಕ್ಕೋ ಕೇಕೇ ಮೃತ್ಯು. ನಕ್ಷೆ ಪ್ರೊಫೆಸರನ ಕಣ್ಣಿಗೆ ಮಾತ್ರ ಕಾಣುತ್ತದೆ, ಉಳಿದವರಿಗೆ ಅದು ಖಾಲಿ ಹಾಳೆ. ಎಂದರೆ ಯಾರನ್ನು ಬಿಟ್ಟರೂ ಉಳಿದವರಿಗೆ ದಾರಿಯಿಲ್ಲ.

ಮೂರನೆಯದು ಯಂತ್ರದ ಪಾತ್ರಗಳು. ಆರಂಭದಲ್ಲಿ ಬರುವ ನೈಜೆಲ್ ಎಂಬವನು ಏನು ಕೇಳಿದರೂ ಕಲಿತದ್ದನ್ನೇ ಒಪ್ಪಿಸುತ್ತಾನೆ. ಆಟದೊಳಗೆ ಮನುಷ್ಯರಲ್ಲದ, ಬರೆದುಕೊಟ್ಟ ಮಾತನ್ನಷ್ಟೇ ಆಡುವ ಪಾತ್ರವದು.

ನಾಲ್ಕನೆಯದು ಹಂತಗಳು. ಒಂದು ಹಂತ ಗೆದ್ದರೆ ಮುಂದಿನದು ಇನ್ನಷ್ಟು ಕಠಿಣ. ಹಾವು ಏಣಿಯಾಟ ಆಡಿದವರಿಗೆ ಮೇಲೇರುವುದೂ ಜಾರುವುದೂ ಹೊಸದಲ್ಲ.

ಪರಕಾಯ ಪ್ರವೇಶ ನಮಗೆ ಹೊಸತಲ್ಲ

ಗೇಮಿನಲ್ಲಿ ಆಟಗಾರ ತಳೆಯುವ ರೂಪಕ್ಕೆ ಇಂಗ್ಲಿಷಿನಲ್ಲಿ ಬಳಸುವ ಮಾತೇ ‘ಅವತಾರ್’. ಅದು ಸಂಸ್ಕೃತದಿಂದ ಹೋದದ್ದು. ಒಬ್ಬರ ಜೀವ ಇನ್ನೊಬ್ಬರ ದೇಹ ಸೇರಿ ಆಗುವ ಅವಾಂತರವೂ ನಮ್ಮ ರಂಗಭೂಮಿಗೆ ಹಳೆಯ ವಸ್ತು. ‘ಭಗವದಜ್ಜುಕ’ ಎಂಬ ಸಂಸ್ಕೃತ ಪ್ರಹಸನದಲ್ಲಿ ಸನ್ಯಾಸಿಯ ಜೀವ ಗಣಿಕೆಯ ದೇಹವನ್ನೂ, ಗಣಿಕೆಯ ಜೀವ ಸನ್ಯಾಸಿಯ ದೇಹವನ್ನೂ ಹೊಕ್ಕು ನಗೆಯೆಬ್ಬಿಸುತ್ತದೆ. ಗಿರೀಶ ಕಾರ್ನಾಡರ ‘ಹಯವದನ’ದಲ್ಲಿ ಇಬ್ಬರು ಗೆಳೆಯರ ತಲೆಗಳು ಅದಲುಬದಲಾಗಿ, ಮನುಷ್ಯನೆಂದರೆ ತಲೆಯೋ ದೇಹವೋ ಎಂಬ ಪ್ರಶ್ನೆ ಏಳುತ್ತದೆ. ಈ ಚಿತ್ರ ಅಷ್ಟು ಆಳಕ್ಕೆ ಇಳಿಯದಿದ್ದರೂ ಕೇಳುವುದು ಅದೇ ಪ್ರಶ್ನೆಯನ್ನು.

ಚಿತ್ರದ ಅತ್ಯುತ್ತಮ ಅಭಿನಯ ಜ್ಯಾಕ್ ಬ್ಲ್ಯಾಕ್‌ರದೆಂದು ನಾವು ಭಾವಿಸುತ್ತೇವೆ. ಯಕ್ಷಗಾನದ ಸ್ತ್ರೀವೇಷಕ್ಕೆ ಸೀರೆ, ಆಭರಣ, ಬಣ್ಣಗಳ ನೆರವುಂಟು. ಇಲ್ಲಿ ಆ ನಟನಿಗೆ ವೇಷದ ನೆರವೇ ಇಲ್ಲ. ಗಡ್ಡ, ಹೊಟ್ಟೆ, ಕನ್ನಡಕ ಎಲ್ಲವೂ ಹಾಗೆಯೇ ಇರಲು, ನಡಿಗೆ ಮತ್ತು ದನಿಯಿಂದಲೇ ಅವರು ಹದಿಹರೆಯದ ಹುಡುಗಿಯನ್ನು ಕಾಣಿಸುತ್ತಾರೆ. ತನ್ನನ್ನು ಬಿಟ್ಟು ಬೇರೇನನ್ನೂ ನೋಡದಿದ್ದ ಬೆಥನಿ, ಆಪತ್ತಿನಲ್ಲಿ ತನ್ನದೊಂದು ಜೀವವನ್ನು ಇನ್ನೊಬ್ಬರಿಗೆ ಕೊಡುವ ದೃಶ್ಯದಲ್ಲಿ ನಗುತ್ತಿದ್ದವರು ಸುಮ್ಮನಾಗುತ್ತಾರೆ.

ನಗೆಯ ಕೆಳಗಿನ ಭಾರ

ಕಾಡಿನಲ್ಲಿ ನಾಲ್ವರಿಗೂ ಅಲೆಕ್ಸ್ ಸಿಗುತ್ತಾನೆ. ತಾನು ಬಂದು ಕೆಲವು ತಿಂಗಳಾಗಿರಬಹುದೆಂದು ಅವನು ನಂಬಿದ್ದಾನೆ. ಹೊರಗೆ ಕಳೆದಿರುವುದು ಇಪ್ಪತ್ತು ವರ್ಷ. ಮಗನನ್ನು ಕಳೆದುಕೊಂಡ ತಂದೆ ಅಷ್ಟೂ ಕಾಲ ಆ ಮನೆಯಲ್ಲಿಯೇ ಮುದುಕನಾಗಿದ್ದಾನೆ. ಪರದೆಯ ಮುಂದೆ ಕುಳಿತವರಿಗೆ ಹೊತ್ತು ಹೋದದ್ದು ತಿಳಿಯುವುದಿಲ್ಲವೆಂಬ ಮಾತನ್ನು ನಾವು ಮಕ್ಕಳಿಗೆ ನೂರು ಬಾರಿ ಹೇಳಿದ್ದೇವೆ. ಅದನ್ನೇ ಉಪದೇಶವಿಲ್ಲದೆ ಈ ಒಂದು ದೃಶ್ಯ ಹೇಳಿಬಿಡುತ್ತದೆ.

ಒಂದೇ ಜೀವ ಉಳಿದಾಗ ಸ್ಪೆನ್ಸರ್‌ನ ಹಳೆಯ ಅಂಜಿಕೆ ಮರಳುತ್ತದೆ. ಹಲವು ಜೀವಗಳಿದ್ದಾಗ ಧೈರ್ಯ ಸುಲಭವಾಗಿತ್ತೆಂದು ಅವನು ಒಪ್ಪಿಕೊಳ್ಳುತ್ತಾನೆ. ಹೊರಗಾದರೂ ನಮಗಿರುವುದು ಒಂದೇ ಅಲ್ಲವೇ ಎಂಬುದು ಗೆಳೆಯ ಫ್ರಿಜ್‌ನ ಉತ್ತರ. ದೂರವಾಗಿದ್ದ ಇವರಿಬ್ಬರ ಸ್ನೇಹ ಮತ್ತೆ ಕೂಡುವುದು ಈ ಮಾತಿನಿಂದ.

ಪೋಷಕರ ಗಮನಕ್ಕೆ

ಅಮೆರಿಕದಲ್ಲಿ ಇದಕ್ಕೆ ಸಂದಿರುವುದು 13 ವರ್ಷಕ್ಕಿಂತ ಕಿರಿಯರ ಪೋಷಕರಿಗೆ ಎಚ್ಚರಿಕೆ ಹೇಳುವ ದರ್ಜೆ. ಹುಡುಗಿಯೊಬ್ಬಳು ಗಂಡಿನ ದೇಹ ಹೊಕ್ಕ ಸಂದರ್ಭವನ್ನು ಹಿಡಿದ ಹಾಸ್ಯ, ಕೆಲವು ಒರಟು ಮಾತು, ಚುಂಬನದ ದೃಶ್ಯ ಇಲ್ಲಿವೆ. ಹಾವು, ಚೇಳು, ಸಾವುಗಳು ಕಿರಿಯರನ್ನು ಬೆಚ್ಚಿಸಬಹುದು. ಹತ್ತು ವರ್ಷದೊಳಗಿನವರನ್ನು ಒಬ್ಬರೇ ನೋಡಲು ಬಿಡದಿರುವುದು ಒಳಿತು. ಕಾಡಿನಲ್ಲಿ ಇಷ್ಟು ಕಿರಿದಾದ ಉಡುಪು ತನಗೇಕೆಂದು ಮಾರ್ಥಾ ತಾನೇ ಸಿಡುಕುತ್ತಾಳೆ. ಹಳೆಯ ಗೇಮುಗಳು ಹೆಣ್ಣನ್ನು ಚಿತ್ರಿಸಿದ ರೀತಿಯನ್ನು ಚಿತ್ರ ಅಲ್ಲಿ ಅಣಕಿಸುತ್ತದೆ. ಹೆಣ್ಣುಮಕ್ಕಳೊಡನೆ ಈ ಮಾತು ತೆಗೆಯಬಹುದು.

ನೋಡಿದ್ದು ಯಾವ ನುಡಿಯಲ್ಲಾದರೇನು?

ಕನ್ನಡ ಚಿತ್ರರಂಗದಲ್ಲಿ ಡಬ್ಬಿಂಗಿಗೆ ದಶಕಗಳ ಕಾಲ ವಿರೋಧವಿತ್ತು. ಆದ್ದರಿಂದ ಹಾಲಿವುಡ್ ಚಿತ್ರಗಳನ್ನು ನಮ್ಮ ಮಕ್ಕಳು ಹೊಸೂರಿನಲ್ಲಿ ತಮಿಳಿನಲ್ಲಿಯೋ, ರಾಯದುರ್ಗದಲ್ಲಿ ತೆಲುಗಿನಲ್ಲಿಯೋ, ಅಕ್ಕಲಕೋಟೆಯಲ್ಲಿ ಹಿಂದಿಯಲ್ಲಿಯೋ ನೋಡುತ್ತ ಬಂದದ್ದೇ ಹೆಚ್ಚು. ಆ ನುಡಿಗಳೂ ಮಕ್ಕಳ ಸಂಪತ್ತೇ, ಅದರಲ್ಲಿ ಕೊರಗಬೇಕಾದುದಿಲ್ಲ. ಆದರೆ ನಕ್ಕದ್ದನ್ನು ಮನೆಯ ಮಾತಿನಲ್ಲಿ ಹೇಳಲು ಬಾರದಿದ್ದರೆ, ಕನ್ನಡ ಪಾಠಪುಸ್ತಕದೊಳಗೆ ಮಾತ್ರ ಉಳಿದೀತು.

ಆದುದರಿಂದ ಒಂದು ಸಣ್ಣ ರೂಢಿಯನ್ನು ಸೂಚಿಸುತ್ತೇವೆ. ಚಿತ್ರ ಮುಗಿದ ಮೇಲೆ, ಅದನ್ನು ನೋಡದ ಅಜ್ಜಿಗೋ ಅಜ್ಜನಿಗೋ ಮಗು ಕಥೆಯನ್ನು ಕನ್ನಡದಲ್ಲಿ ಹೇಳಲಿ. ‘ಲೆವೆಲ್’ಗೆ ಹಂತ, ‘ಲೈಫ್’ಗೆ ಜೀವ ಎಂದು ಮಾತು ತಾನಾಗಿ ಒದಗುತ್ತದೆ, ಒದಗದ ಕಡೆ ‘ಗೇಮ್’ ಗೇಮೇ ಆಗಿರಲಿ. ಬಳಿಕ ಮನೆಮಂದಿಯೆಲ್ಲ ತಂತಮ್ಮ ಮೂರು ಬಲ, ಒಂದು ದೌರ್ಬಲ್ಯವನ್ನು ಕಾಗದದಲ್ಲಿ ಬರೆದು ಓದಲಿ. ಅಪ್ಪನ ದೌರ್ಬಲ್ಯವನ್ನು ಅಪ್ಪನಿಗಿಂತ ಮೊದಲು ಮಕ್ಕಳೇ ಹೇಳಿಯಾರು.