ನಮ್ಮ ನ್ಯಾಯಸ್ಥಾನಗಳಲ್ಲಿ ಫ್ರೆಂಚ್ ಮಾತು

ಬಂಟವಾಳ, ಬೆಳ್ತಂಗಡಿ, ಮೂಡಬಿದಿರೆಗಳ ರೈತನು ತನ್ನ ಗದ್ದೆಯ ವ್ಯಾಜ್ಯವನ್ನು ಹೇಳುವಾಗ ‘ಕೋರ್ಟು’, ‘ಜಡ್ಜಿ’, ‘ಅಪೀಲು’, ‘ವಾರಂಟು’ ಎಂಬ ಶಬ್ದಗಳನ್ನು ತಡೆಯಿಲ್ಲದೆ ಆಡುವನು. ಇವು ಇಂಗ್ಲಿಷ್ ಶಬ್ದಗಳೆಂದೇ ನಾವು ತಿಳಿದಿರುವೆವು. ವಿಚಾರಿಸಿ ನೋಡಿದರೆ ಈ ನಾಲ್ಕೂ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದವುಗಳು.

ಫ್ರೆಂಚರು ನಮ್ಮ ಸೀಮೆಗೆ ಬಾರದವರಲ್ಲ. 1783ರಲ್ಲಿ ಟಿಪ್ಪು ಸುಲ್ತಾನನು ಮಂಗಳೂರು ಕೋಟೆಯನ್ನು ಮುತ್ತಿದಾಗ ಕೊಸಿನ್ಯಿ ಎಂಬ ಸೇನಾನಿಯ ಕೈಕೆಳಗಿನ ಫ್ರೆಂಚ್ ದಂಡು ಅವನ ಸಂಗಡವಿದ್ದಿತು. ಯೂರೋಪಿನಲ್ಲಿ ಸಂಧಿಯಾದ ವರ್ತಮಾನವು ಬರಲು ಆ ದಂಡು ಯುದ್ಧದಿಂದ ಹಿಂದೆಗೆಯಿತು. ಆ ಸಿಪಾಯಿಗಳ ಬಾಯಿಂದ ನೇರವಾಗಿ ನಮ್ಮ ಆಡುಮಾತಿಗೆ ಇಳಿದ ಶಬ್ದವು ಕಾಣಸಿಗುವುದು ಅಪೂರ್ವ. 1799ರಲ್ಲಿ ಟಿಪ್ಪುವು ಮಡಿದನು. ಬೆಳ್ತಂಗಡಿಯ ಜಮಲಾಬಾದ್ ಕೋಟೆಯೂ ಇಂಗ್ಲಿಷರ ವಶವಾಯಿತು. ಫ್ರೆಂಚರ ವೈರಿಗಳಾದ ಇವರೇ ಫ್ರೆಂಚ್ ಶಬ್ದಗಳನ್ನು ನಮ್ಮ ಮನೆಬಾಗಿಲಿಗೆ ತಂದರೆಂಬುದು ಚರಿತ್ರೆಯ ವಿನೋದ.

ಇದರ ಮೂಲವು 1066ನೆಯ ಇಸವಿಯಲ್ಲಿದೆ. ಆ ವರ್ಷ ನಾರ್ಮಂಡಿಯ ವಿಲಿಯಮನು ಇಂಗ್ಲೆಂಡನ್ನು ಗೆದ್ದನು. ಕಾಲಕ್ರಮದಲ್ಲಿ ಗೆದ್ದವರ ಫ್ರೆಂಚು ಅರಸನ ನ್ಯಾಯಸ್ಥಾನಗಳ ನುಡಿಯಾಯಿತು. ಪ್ರಜೆಗಳ ವ್ಯಾಜ್ಯವು ಪ್ರಜೆಗಳಿಗೆ ತಿಳಿಯದ ಭಾಷೆಯಲ್ಲಿ ತೀರತೊಡಗಿತು. ಫ್ರೆಂಚನ್ನು ಬಲ್ಲವರು ವಿರಳರೆಂದು 1362ರಲ್ಲಿ ವಾದವು ಇಂಗ್ಲಿಷಿನಲ್ಲೇ ನಡೆಯತಕ್ಕದ್ದೆಂಬ ಶಾಸನವಾಯಿತು. ಆದರೂ ವಕೀಲರು ತಮ್ಮ ಬರವಣಿಗೆಯಲ್ಲಿ ಫ್ರೆಂಚನ್ನು ಬಿಡಲಿಲ್ಲ. 1731ರ ಶಾಸನದಿಂದ ಅದಕ್ಕೆ ಪೂರ್ಣ ತೆರೆ ಬಿದ್ದಿತು. ಭಾಷೆಯು ಹೋಯಿತು, ಶಬ್ದಗಳು ಉಳಿದುವು.

‘ಮಾರ್ಟ್‌ಗೇಜ್’ ಎಂದರೆ ‘ಸತ್ತ ಒತ್ತೆ’. ಸಾಲ ತೀರದಿದ್ದರೆ ಭೂಮಿಯು ಸಾಲಗಾರನ ಪಾಲಿಗೆ ಸತ್ತಂತೆ. ತೀರಿದರೆ ಒತ್ತೆಯು ಸಾಲ ಕೊಟ್ಟವನ ಪಾಲಿಗೆ ಸತ್ತಂತೆ ಎಂದು ಹಿಂದಿನ ಇಂಗ್ಲಿಷ್ ನ್ಯಾಯಶಾಸ್ತ್ರಜ್ಞರು ಅರ್ಥವಿಟ್ಟರು. ‘ಟೆನಂಟ್’ ಎಂದರೆ ‘ಹಿಡಿದಿರುವವನು’, ಇಷ್ಟೇ. ನಮ್ಮ ಹಿರಿಯರಾದರೋ ಗೇಣಿಯಲ್ಲಿ ಭೇದವೆಣಿಸಿದ್ದರು: ಗೊತ್ತಾದ ಗೇಣಿಯನ್ನು ತೆತ್ತು ಶಾಶ್ವತವಾಗಿ ಉಳಿಯತಕ್ಕವನು ಮೂಲಗೇಣಿದಾರ, ಧನಿಯ ಇಚ್ಛೆಯಂತೆ ಏಳಬೇಕಾದವನು ಚಾಲಗೇಣಿದಾರ. ‘ಟೆನಂಟ್’ ಎಂಬ ಬರಿಯ ಶಬ್ದವು ಇಬ್ಬರನ್ನೂ ಒಂದೇ ಹೆಸರಿನಲ್ಲಿ ಮುಚ್ಚುತ್ತಿದ್ದಿತು. ಒಂದು ಸಂಸಾರವು ನೆಲದಲ್ಲಿ ನಿಲ್ಲುವುದೋ ಬೀದಿಗೆ ಬೀಳುವುದೋ ಎಂಬುದೆಲ್ಲ ಆ ಭೇದದಲ್ಲಿಯೇ ಅಡಗಿದ್ದಿತಲ್ಲವೆ?

ಪರಭಾಷೆಯ ಶಬ್ದಗಳನ್ನು ದ್ವೇಷಿಸಬೇಕಾದುದಿಲ್ಲ. ಅವುಗಳ ಅರ್ಥವನ್ನು ಮಾತ್ರ ಕೇಳಿ ತಿಳಿಯಬೇಕು. ತನ್ನ ನ್ಯಾಯವನ್ನು ತನ್ನ ನುಡಿಯಲ್ಲಿ ಕೇಳಬೇಕೆಂಬ ಹಂಬಲವು ಇಂಗ್ಲೆಂಡಿನ ಪ್ರಜೆಗೂ ಒಂದು ಕಾಲಕ್ಕಿದ್ದಿತು. ರುಜು ಹಾಕುವ ಮುನ್ನ ‘ಇದರ ಅರ್ಥವೇನು ಸ್ವಾಮಿ?’ ಎಂದು ಕೇಳುವ ನಮ್ಮ ರೈತನ ಹಂಬಲವೂ ಅದೇ.