ಸೀತಾಫಲಕ್ಕೆ ಒಗ್ಗಿದ ಶೈತ್ಯ

ಮಾವಿನ ರಸವನ್ನು ಬಿಸಿಲಿಗೆ ಹರಡಿದರೆ ಮಾಂಬಳ, ಹಲಸಿನ ಸೊಳೆ ಅರೆದು ತಟ್ಟಿದರೆ ಹಪ್ಪಳ. ಸೀತಾಫಲ ಮಾತ್ರ ಇಂಥ ಯಾವುದಕ್ಕೂ ಬಗ್ಗುವುದಿಲ್ಲ. ಹಣ್ಣಾದ ಒಂದೆರಡು ದಿನದಲ್ಲೇ ಕೆಡುತ್ತದೆ, ಕಾಯಿಸಿದರೆ ತಿರುಳು ಕಹಿಯಾಗುತ್ತದೆ. ಅದನ್ನು ವರ್ಷವಿಡೀ ಉಳಿಸಿಕೊಳ್ಳಲು ಶೈತ್ಯಕ್ಕಿಂತ ಒಳ್ಳೆಯ ದಾರಿ ಇರಲಿಲ್ಲ. ಹಣ್ಣಿನ ಐಸ್‌ಕ್ರೀಮಿನ ಚರಿತ್ರೆಯನ್ನು ನಾಲಿಗೆಯ ಚಪಲದ ಕಥೆಯೆಂದು ಓದುವುದು ವಾಡಿಕೆ. ನನಗೆ ಅದು ತಿರುಳನ್ನು ಕಾಪಾಡಿಕೊಂಡ ಕಥೆಯಾಗಿಯೂ ಕಾಣುತ್ತದೆ; ಪೌಷ್ಟಿಕತೆಯ ಪ್ರಶ್ನೆಯನ್ನೂ ಅಲ್ಲಿಂದಲೇ ಕೇಳಬೇಕು.

ಶೈತ್ಯವೇನೂ ನಮಗೆ ಹೊಸದಲ್ಲ: ಪೆಟ್ಲುಪ್ಪಿನಿಂದ ನೀರು ತಂಪುಮಾಡುವ ಕ್ರಮ ಅಕ್ಬರನ ಕಾಲದ 'ಐನ್-ಇ-ಅಕ್ಬರಿ'ಯಲ್ಲೇ ಇದೆ. 1833ರಲ್ಲಿ ಮಂಜುಗಡ್ಡೆ ವ್ಯಾಪಾರಿ ಫ್ರೆಡರಿಕ್ ಟ್ಯೂಡರ್ ಬಾಸ್ಟನ್ನಿನಿಂದ ಕಲ್ಕತ್ತೆಗೆ ಹಡಗಿನಲ್ಲಿ ಮಂಜುಗಡ್ಡೆ ಕಳಿಸಿದ. (ಸೀತಾಫಲದ ತವರೂ ಅಮೆರಿಕ ಖಂಡವೇ, ಹಣ್ಣು ಮೊದಲು ಬಂತು, ಹಿಮ ತಡವಾಗಿ.) ಆದರೆ ಆ ಶೈತ್ಯ ಸಿರಿವಂತರದು. ಯಂತ್ರದ ಮಂಜುಗಡ್ಡೆ ಅಗ್ಗವಾದ ಮೇಲೂ ಹಣ್ಣಿನ ಹೆಸರಿಗೆ ಎಸೆನ್ಸು, ಬಣ್ಣ ಸಾಕೆನ್ನುವ ವ್ಯಾಪಾರವೇನೂ ಕಡಿಮೆಯಿರಲಿಲ್ಲ. ಉಡುಪಿ–ಮಂಗಳೂರಿನ ಗಡ್‌ಬಡ್ ಐಸ್‌ಕ್ರೀಮಿನಲ್ಲಿ ಹಣ್ಣಿನ ಹೋಳುಗಳಿದ್ದವು ನಿಜ, ಆದರೆ ಜೆಲ್ಲಿಯ ಜೊತೆ ಪದರವಾಗಿ. ಐಸ್‌ಕ್ರೀಮಿನೊಳಗೆ ಬೆರೆತು ಅಲ್ಲ. ಮೂಲ್ಕಿ ಕಡೆಯ ಹಣ್ಣಿನ ವ್ಯಾಪಾರಿಯ ಮಗ ರಘುನಂದನ್ ಕಾಮತ್ 1984ರಲ್ಲಿ ಮುಂಬೈಯ ಜುಹುವಿನಲ್ಲಿ 'ನ್ಯಾಚುರಲ್ಸ್' ತೆರೆದು, ಸೀತಾಫಲದ ತಿರುಳನ್ನೇ ಹಾಲಿಗೆ ಸೇರಿಸಿ ಮಾರಿದರು. ಎಳನೀರು, ಹಲಸು ಆ ಸಾಲಿಗೆ ಸೇರಿದವು.

ಹೆಪ್ಪುಗಟ್ಟಿಸಿದರೆ ಹಣ್ಣಿನ ಸತ್ವ ಹೋಗುವುದಿಲ್ಲವೇ ಎಂಬ ಆಕ್ಷೇಪ ಹೆಚ್ಚು ನಿಲ್ಲದು. ಸಿ ಜೀವಸತ್ವಕ್ಕೆ ಕುದಿತವೇ ದೊಡ್ಡ ಶತ್ರು. ಸಕ್ಕರೆಯ ಆಕ್ಷೇಪ ಗಟ್ಟಿಯಾದದ್ದು. ತಣ್ಣಗಿನ ನಾಲಿಗೆಗೆ ಸಿಹಿ ಮಂದವಾಗಿ ತಿಳಿಯುತ್ತದೆ. ಸಕ್ಕರೆ ಇಳಿಸಿದರೆ ಐಸ್‌ಕ್ರೀಮು ಕಲ್ಲಾಗುತ್ತದೆ. ಹಾಗಾಗಿ ಧಾರಾಳವಾಗಿ ಸುರಿಯಲೇಬೇಕು. 100 ಗ್ರಾಂ ಸೀತಾಫಲದಲ್ಲಿ ಸುಮಾರು 95 ಕ್ಯಾಲೊರಿ, 4 ಗ್ರಾಂ ನಾರು. ಅಷ್ಟೇ ತೂಕದ ಐಸ್‌ಕ್ರೀಮಿನಲ್ಲಿ ಕ್ಯಾಲೊರಿ ಹೆಚ್ಚುಕಡಿಮೆ ಇಮ್ಮಡಿ, ನಾರು ತಿರುಳಿದ್ದಷ್ಟೇ. ಹಣ್ಣಿಗೆ ಇದು ಬದಲಿ ಎನ್ನುವವರ ಮಾತನ್ನು ನಾನು ಒಪ್ಪಲಾರೆ. ಎಸೆನ್ಸಿನ ಕಪ್ಪಿಗೂ ತಿರುಳಿನ ಕಪ್ಪಿಗೂ ಭೇದವಿಲ್ಲ ಎಂಬುದನ್ನೂ ಒಪ್ಪಲಾರೆ: ಮೊದಲನೆಯದರಲ್ಲಿ ಸಕ್ಕರೆ, ಕೊಬ್ಬಿನ ಜೊತೆ ಹಣ್ಣಿನದೇನೂ ಬರುವುದಿಲ್ಲ. ವಿಚಿತ್ರವೆಂದರೆ, ನಮ್ಮ ಕಾನೂನು 'ಐಸ್‌ಕ್ರೀಮ್', 'ಫ್ರೋಜನ್ ಡೆಸರ್ಟ್' ಎಂದು ಬೇರ್ಪಡಿಸುವುದು ಕೊಬ್ಬು ಹಾಲಿನದೋ ಸಸ್ಯದ್ದೋ ಎಂಬುದರ ಮೇಲೆ. ಎರಡರಲ್ಲಿ ಯಾವ ಹೆಸರಿದ್ದರೂ ಒಳಗೆ ಹಣ್ಣಿದೆಯೇ ಎಂದು ತಿಳಿಯಲು ಡಬ್ಬಿ ತಿರುಗಿಸಿ ಸಣ್ಣಕ್ಷರದ ಪದಾರ್ಥಗಳ ಪಟ್ಟಿಯನ್ನೇ ಓದಬೇಕು.