ಲೇಖ್ಯವೂ ಸಾಕ್ಷಿಧರ್ಮವೂ

ನೋಟರಿಯೆಂಬ ಹೆಸರು ಹೊರಗಿನದಾದರೂ ಪತ್ರವನ್ನು ಪ್ರಮಾಣೀಕರಿಸುವ ಕಾರ್ಯವು ನಮ್ಮ ದೇಶಕ್ಕೆ ಹೊಸತಲ್ಲ. ವಿಷ್ಣುಸ್ಮೃತಿಯು ಲೇಖ್ಯವನ್ನು ರಾಜಸಾಕ್ಷಿಕ, ಸಸಾಕ್ಷಿಕ, ಅಸಾಕ್ಷಿಕವೆಂದು ಮೂರು ಬಗೆಯಾಗಿ ವಿಂಗಡಿಸಿದೆ. ರಾಜಾಧಿಕರಣದಲ್ಲಿ ಅರಸನು ನಿಯಮಿಸಿದ ಕಾಯಸ್ಥನು ಬರೆದು, ಅಲ್ಲಿಯ ಅಧ್ಯಕ್ಷನ ಹಸ್ತಚಿಹ್ನೆಯನ್ನು ಪಡೆದುದೇ ರಾಜಸಾಕ್ಷಿಕವು. ಇಂದಿನ ನೋಟರಿಯ ಕೆಲಸಕ್ಕೆ ಇದು ಬಹು ಸಮೀಪವಾದುದು.

ಯಾಜ್ಞವಲ್ಕ್ಯನು ವಿಧಿಯನ್ನು ಇನ್ನೂ ವಿಶದಪಡಿಸಿದ್ದಾನೆ. ಪತ್ರದಲ್ಲಿ ವರ್ಷ, ಮಾಸ, ಪಕ್ಷ, ದಿನ, ಹೆಸರು, ಗೋತ್ರಗಳಿರಬೇಕು. ಸಾಲಗಾರನು ತನ್ನ ಒಪ್ಪಿಗೆಯನ್ನೂ ಸಾಕ್ಷಿಗಳು ತಮ್ಮ ಸಾಕ್ಷ್ಯವನ್ನೂ ತಂದೆಯ ಹೆಸರಿನೊಡನೆ ಸ್ವಹಸ್ತದಿಂದ ಬರೆಯಬೇಕು. ಕೊನೆಯಲ್ಲಿ ಲೇಖಕನು, ಉಭಯರ ಪ್ರಾರ್ಥನೆಯಂತೆ ತಾನು ಬರೆದೆನೆಂದು ಹೆಸರು ಹಾಕಬೇಕು. ಬಲಾತ್ಕಾರದಿಂದಲೋ ವಂಚನೆಯಿಂದಲೋ ಆದ ಪತ್ರವು ಸ್ವಹಸ್ತದ್ದಾದರೂ ಪ್ರಮಾಣವಲ್ಲ. ಈ ಸ್ಮೃತಿಗೆ ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ನಮ್ಮ ಕಲ್ಯಾಣದಲ್ಲಿದ್ದವನೆಂಬುದು ಕನ್ನಡಿಗರಿಗೆ ಹೆಮ್ಮೆಯ ಮಾತು.

1952ರ ನೋಟರಿಗಳ ಅಧಿನಿಯಮದಂತೆ ಸರ್ಕಾರವು ಅನುಭವಸ್ಥರಾದ ವಕೀಲರನ್ನು ಈ ಪದವಿಗೆ ನೇಮಿಸುತ್ತದೆ. 1956ರ ನಿಯಮಗಳು ಮುದ್ರೆಯನ್ನೂ ದಾಖಲೆ ಪುಸ್ತಕವನ್ನೂ ವಿಧಿಸಿವೆ. ಆದರೆ ಮುದ್ರೆಯೊಂದರಿಂದಲೇ ಪತ್ರವು ಸತ್ಯವಾಗದು. ಅಕ್ಷರವರಿಯದ ಸಾಕ್ಷಿಯು ಎಲ್ಲ ಸಾಕ್ಷಿಗಳ ಸಮಕ್ಷಮದಲ್ಲಿಯೇ ಮತ್ತೊಬ್ಬ ಸಾಕ್ಷಿಯಿಂದ ಬರೆಯಿಸಬೇಕೆಂದು ಸ್ಮೃತಿಕಾರರು ವಿಧಿಸಿದುದರ ತಾತ್ಪರ್ಯವೂ ಇದೇ. ಸಹಿ ಮಾಡಿದವನನ್ನು ಕಣ್ಣಾರೆ ಕಾಣದೆ, ಗುರುತು ವಿಚಾರಿಸದೆ ಮುದ್ರೆಯೊತ್ತಿದರೆ, ಓದುಬಾರದ ಬಡವನ ಹೊಲಮನೆಗಳು ಒಂದು ಹಾಳೆಯಲ್ಲಿ ಪರರ ಪಾಲಾಗಬಹುದು. ಕಂಡುದನ್ನೇ ಕಂಡೆನೆನ್ನುವುದು ಸಾಕ್ಷಿಧರ್ಮ. ನೋಟರಿಯ ಅಧಿಕಾರವೆಲ್ಲವೂ ಅದರ ಮೇಲೆಯೇ ನಿಂತಿದೆ.